ಕಂಪ್ಯೂಟರ್ ಯಾರಿಗಾಗಿ ಕಾಯುತ್ತಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪತ್ರಗಳಲ್ಲಿ ಈ ಸಲ ಒಂದೇ ದೂರು: ಲಿನಕ್ಸ್ (ಡೆಬಿಯನ್, ಉಬುಂಟು ಇದರ ಬಗೆಗಳು) ಆನ್ ಆಗಲು ವಿಪರೀತ ತಡ. ಆದೇಶಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ, ಅಡ್ಡಗೆರೆ ಇದ್ದಲ್ಲಿ ಅದನ್ನೂ ಹಾಕಿ.

ಪ್ರಶ್ನೆ: ಕೊಬ್ಬರಿ ಮಂಡಿಯ ಲೆಕ್ಕಕ್ಕೆ ಡೆಬಿಯನ್ 12 ಇರುವ ಡೆಸ್ಕ್‌ಟಾಪ್ ಇಟ್ಟುಕೊಂಡಿದ್ದೇವೆ. ಎಸ್‌ಎಸ್‌ಡಿ ಇದೆ, 8 ಜಿಬಿ ರ್ಯಾಮ್ ಇದೆ. ಮೊದಲು ಅರ್ಧ ನಿಮಿಷದೊಳಗೆ ಲಾಗಿನ್ ಬರುತ್ತಿತ್ತು, ಈಗ ಎರಡೂವರೆ ನಿಮಿಷ. ಒಳಗೆ ಹೋದ ಮೇಲೆ ಎಲ್ಲ ಚುರುಕಾಗಿದೆ. ಇಂಜಿನಿಯರಿಂಗ್ ಓದುವ ಮಗ ಅದೇ ಡಿಸ್ಕ್‌ನ ಖಾಲಿ ಜಾಗದಲ್ಲಿ ಇನ್ನೊಂದು ಡೆಬಿಯನ್ ಹಾಕಿದ್ದಾನೆ; ಅದು ಬೇಗ ಆನ್ ಆಗುತ್ತದೆ. 'ಸಿಸ್ಟಂಡಿ-ಅನಲೈಜ್' ಕೊಟ್ಟರೆ ಫರ್ಮ್‌ವೇರ್ 8 ಸೆಕೆಂಡ್, ಲೋಡರ್ 6, ಕರ್ನಲ್ 35, ಯೂಸರ್‌ಸ್ಪೇಸ್ 1 ನಿಮಿಷ 38 ಸೆಕೆಂಡ್ ಎಂದು ತೋರಿಸುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಹೊಡೆದು ರ್ಯಾಮ್ ಹೆಚ್ಚಿಸಿ ಅನ್ನುತ್ತಾರೆ. ಮಾಡಿಸಲೇ?
— ಓದುಗರು, ತಿಪಟೂರು

ಉತ್ತರ: ಎರಡೂ ಬೇಡ. ನೀವು ಕಳಿಸಿದ ನಾಲ್ಕು ಅಂಕಿಗಳಲ್ಲೇ ಉತ್ತರ ಇದೆ.

ಫರ್ಮ್‌ವೇರ್ ಅಂದರೆ ಮದರ್‌ಬೋರ್ಡ್ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಹೊತ್ತು. 8 ಸೆಕೆಂಡ್ ಸರಿಯಾಗಿದೆ. ಲೋಡರ್‌ನ 6ರಲ್ಲಿ 5 ಸೆಕೆಂಡ್ ಗ್ರಬ್ ಮೆನು ನಿಮ್ಮ ಆಯ್ಕೆಗಾಗಿ ನಿಲ್ಲುವುದು. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, 35 ತೆಗೆದುಕೊಂಡದ್ದು ಅಸಹಜ. ಡೆಬಿಯನ್‌ನಲ್ಲಿ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಆರಂಭದ ಪುಟ್ಟ ವ್ಯವಸ್ಥೆಯ ಸಮಯವೂ ಇದರಲ್ಲೇ ಸೇರುತ್ತದೆ. ಹಾಗಿದ್ದರೂ ಎಸ್‌ಎಸ್‌ಡಿ ಮೇಲೆ ಇದು ಐದಾರು ಸೆಕೆಂಡ್ ದಾಟಬಾರದು. ಹೆಚ್ಚುವರಿ ಸುಮಾರು 30. ಹಾಗೆಯೇ ಯೂಸರ್‌ಸ್ಪೇಸ್‌ನಲ್ಲಿ, ಅಂದರೆ ನಂತರ ಉಳಿದ ಸೇವೆಗಳು ಶುರುವಾಗುವ ಹೊತ್ತಿನಲ್ಲಿ, ಏಳೆಂಟು ಸೆಕೆಂಡ್ ಕಳೆದರೆ ಉಳಿಯುವುದು 90. ಇಂಥ ದುಂಡು ಸಂಖ್ಯೆ ಕಂಡರೆ ಅನುಮಾನಪಡಿ. ಕೆಲಸಕ್ಕೆ ಹಿಡಿಯುವ ಸಮಯ ದುಂಡಾಗಿರುವುದು ಅಪರೂಪ, ದುಂಡಾಗಿರುವುದು ಗಡುವು. ನಿಮ್ಮ ಯಂತ್ರ ಎರಡು ಕಡೆ ಯಾವುದೋ ಒಂದಕ್ಕಾಗಿ ಕಾದು, ಗಡುವು ಮುಗಿದ ಮೇಲೆ 'ಹಾಳಾಗಿ ಹೋಗಲಿ' ಎಂದು ಮುಂದಕ್ಕೆ ಹೋಗುತ್ತಿದೆ. ರ್ಯಾಮ್ ಎಷ್ಟು ಹಾಕಿದರೂ ಈ ಕಾಯುವಿಕೆಯಲ್ಲಿ ಒಂದು ಸೆಕೆಂಡೂ ಇಳಿಯುವುದಿಲ್ಲ.

ಯಾವುದಕ್ಕಾಗಿ? ಹೆಚ್ಚುಕಡಿಮೆ ಖಚಿತವಾಗಿ ಸ್ವಾಪ್ ಪಾರ್ಟಿಶನ್‌ಗಾಗಿ, ಅಂದರೆ ರ್ಯಾಮ್ ಸಾಲದಾಗ ಬಳಸಲು ಡಿಸ್ಕ್‌ನಲ್ಲಿ ಮೀಸಲಿಟ್ಟ ಭಾಗಕ್ಕಾಗಿ. ಡೆಬಿಯನ್ ಇನ್‌ಸ್ಟಾಲರ್ ಡಿಸ್ಕ್‌ನಲ್ಲಿ ಸ್ವಾಪ್ ಕಂಡರೆ ಅದನ್ನೇ ಬಳಸಿಕೊಳ್ಳುತ್ತದೆ, ಬಳಸುವ ಮುನ್ನ ಹೊಸದಾಗಿ ಫಾರ್ಮ್ಯಾಟ್ ಮಾಡುತ್ತದೆ. ಆಗ ಅದರ ಗುರುತು ಸಂಖ್ಯೆ, ಅಂದರೆ ಯುಯುಐಡಿ, ಬದಲಾಗುತ್ತದೆ. ಮಗನ ಡೆಬಿಯನ್‌ಗೆ ಹೊಸ ಸಂಖ್ಯೆ ಗೊತ್ತು. ನಿಮ್ಮದು ಹಳೆಯ ಸಂಖ್ಯೆ ಹಿಡಿದು, ಊರು ಬಿಟ್ಟವರ ಮನೆ ಬಾಗಿಲು ತಟ್ಟುತ್ತಾ ನಿಂತಿದೆ.

ಖಾತ್ರಿ ಮಾಡಿಕೊಳ್ಳಲು 'ಸುಡೊ ಜರ್ನಲ್‌ಸಿಟಿಎಲ್ -ಬಿ' ಕೊಟ್ಟು, ಓರೆಗೀಟು ಒತ್ತಿ 'ಟೈಮ್ಡ್ ಔಟ್' ಎಂದು ಹುಡುಕಿ (ಮೊದಲ ಟಿ ದೊಡ್ಡಕ್ಷರ). ಯಾವ ಸಾಧನಕ್ಕಾಗಿ ಕಾದಿತ್ತೆಂದು ಆ ಸಾಲಿನಲ್ಲೇ ಬರೆದಿರುತ್ತದೆ. 'ಸಿಸ್ಟಂಡಿ-ಅನಲೈಜ್ ಬ್ಲೇಮ್' ಕೊಟ್ಟು ಏನೂ ಸಿಗಲಿಲ್ಲ ಎಂದು ಕೈಬಿಡಬೇಡಿ. ಆ ಪಟ್ಟಿಯಲ್ಲಿ ಬರುವುದು ಶುರುವಾಗಿ ಮುಗಿಸಿದವು ಮಾತ್ರ. ಕೊನೆಗೂ ಬಾರದೇ ಹೋದ ಸಾಧನ ಅದರಲ್ಲಿ ಕಾಣುವುದಿಲ್ಲ.

ಸರಿಪಡಿಸುವ ಕ್ರಮ ಹೀಗೆ. 'ಸುಡೊ ಬಿಎಲ್‌ಕೆಐಡಿ' ಕೊಟ್ಟರೆ ಎಲ್ಲ ಪಾರ್ಟಿಶನ್‌ಗಳ ಯುಯುಐಡಿ ಬರುತ್ತದೆ. ಟೈಪ್ ಎಂಬಲ್ಲಿ ಸ್ವಾಪ್ ಎಂದಿರುವ ಸಾಲಿನದನ್ನು ಕಾಪಿ ಮಾಡಿ. ಅಡ್ಡಗೆರೆ ಸೇರಿ 36 ಅಕ್ಷರ; ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ. ಆಮೇಲೆ ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲಿನ (ಆನ್ ಆಗುವಾಗ ಯಾವ ಪಾರ್ಟಿಶನ್ ಎಲ್ಲಿ ಸೇರಬೇಕೆಂಬ ಪಟ್ಟಿ) ಒಂದು ಪ್ರತಿ ಇಟ್ಟುಕೊಂಡು, ಮೂಲವನ್ನು ಸುಡೊ ಜೊತೆ ನ್ಯಾನೋ ಎಂಬ ಪಠ್ಯ ತಿದ್ದುವ ತಂತ್ರಾಂಶದಲ್ಲಿ ತೆರೆದು, ಸ್ವಾಪ್ ಸಾಲಿನ ಹಳೆಯ ಸಂಖ್ಯೆ ಅಳಿಸಿ ಹೊಸದನ್ನು ಅಂಟಿಸಿ. ಬೇರೆ ಸಾಲು ಮುಟ್ಟಬೇಡಿ. ಸ್ವಾಪ್ ತಪ್ಪಿದರೆ ತಡವಷ್ಟೇ. ಡಿಸ್ಕ್ ಪಾರ್ಟಿಶನ್ ಸಾಲು ತಪ್ಪಿದರೆ ಯಂತ್ರ ತುರ್ತು ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. 'ಸುಡೊ ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್' (ಡೀಮನ್ ಅಂದರೆ ಡಿ, ಎ, ಇ, ಎಂ, ಒ, ಎನ್), ನಂತರ 'ಸುಡೊ ಸ್ವಾಪ್‌ಆನ್ -ಎ' ಕೊಡಿ. 'ಫ್ರೀ -ಎಚ್' ಕೊಟ್ಟಾಗ ಸ್ವಾಪ್ ಸಾಲಿನಲ್ಲಿ ಸೊನ್ನೆ ಹೋಗಿ ಗಾತ್ರ ಬಂದರೆ 90 ಸೆಕೆಂಡ್ ಉಳಿಯಿತು.

ಉಳಿದ 30ನ್ನು ಬಹಳ ಜನ ಮರೆಯುತ್ತಾರೆ. ಹೈಬರ್ನೇಟ್ ಆದ, ಅಂದರೆ ರ್ಯಾಮ್‌ನಲ್ಲಿದ್ದುದನ್ನು ಸ್ವಾಪ್‌ಗೆ ಬರೆದಿಟ್ಟು ಆಫ್ ಆದ, ಯಂತ್ರವನ್ನು ಎಬ್ಬಿಸಲು ಡೆಬಿಯನ್ ಸ್ವಾಪ್‌ನ ಸಂಖ್ಯೆಯನ್ನು ಇನ್ನೊಂದು ಕಡೆಯೂ ಬರೆದಿಟ್ಟಿರುತ್ತದೆ: ಇಟಿಸಿ ಒಳಗೆ ಇನಿಟ್‌ರ್ಯಾಮ್‌ಎಫ್‌ಎಸ್-ಟೂಲ್ಸ್, ಅದರೊಳಗೆ ಕಾನ್ಫ್.ಡಿ, ಅಲ್ಲಿ ರಿಸ್ಯೂಮ್ ಎಂಬ ಫೈಲು. ಅದರಲ್ಲಿರುವುದು ಒಂದೇ ಸಾಲು. ಎರಡು ಸಿಸ್ಟಂ ಒಂದೇ ಸ್ವಾಪ್ ಹಂಚಿಕೊಂಡಿರುವಾಗ ಹೈಬರ್ನೇಟ್ ಅಪಾಯಕಾರಿ. ಒಂದು ಮಲಗಿರುವಾಗ ಇನ್ನೊಂದು ಎದ್ದು ಅದರ ಹಾಸಿಗೆ ಗುಡಿಸಿಬಿಡುತ್ತದೆ. ಹಾಗಾಗಿ ನಿಮಗೆ ಹೊಸ ಸಂಖ್ಯೆಗಿಂತ, ಸಮ ಚಿಹ್ನೆಯ ಬಲಕ್ಕೆ 'ನನ್' ಎಂದು ಬರೆಯುವುದೇ ಮೇಲು (ಎನ್, ಒ, ಎನ್, ಇ; ಎಡಗಡೆಯ ದೊಡ್ಡಕ್ಷರದ ಪದ ಹಾಗೆಯೇ ಇರಲಿ). ಕೊನೆಗೆ 'ಸುಡೊ ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ -ಯು' ಕೊಡಲೇಬೇಕು. ಇಲ್ಲದಿದ್ದರೆ ಹಳೆಯ ಸಂಖ್ಯೆ ಬೂಟ್ ಇಮೇಜಿನೊಳಗೆ ಹಾಗೆಯೇ ಉಳಿದು, ಫೈಲ್ ಬದಲಿಸಿದ್ದು ವ್ಯರ್ಥವಾಗುತ್ತದೆ.

ಮಗ ಇನ್ನೊಮ್ಮೆ ಏನಾದರೂ ಹಾಕುವುದಿದ್ದರೆ, ಪಾರ್ಟಿಶನ್ ಹಂತದಲ್ಲಿ ಸ್ವಾಪ್ ಮೇಲೆ ನಿಂತು 'ಬಳಸಬೇಡ' ಎಂದು ಆರಿಸಲು ಹೇಳಿ.

ಪ್ರಶ್ನೆ: ನಮ್ಮ ರೇಷ್ಮೆ ನೂಲು ಬಿಚ್ಚುವ ಘಟಕದ ಕಚೇರಿಯಲ್ಲಿ ಉಬುಂಟು ಇದೆ. ಇನ್ನೊಂದು ಕೋಣೆಯ ಶೇಖರಣಾ ಪೆಟ್ಟಿಗೆಯ ಹಂಚಿಕೆ ಫೋಲ್ಡರ್ ತಾನಾಗಿ ಕಾಣಲಿ ಎಂದು ಎಫ್‌ಎಸ್‌ಟ್ಯಾಬ್‌ಗೆ ಒಂದು ಸಾಲು ಸೇರಿಸಿದೆವು. ಅಂದಿನಿಂದ, ಆ ಪೆಟ್ಟಿಗೆಯೋ ರೌಟರೋ ಆಫ್ ಇದ್ದ ದಿನ ಲಾಗಿನ್ ಪರದೆಯೇ ಬರುವುದಿಲ್ಲ, ಒಂದೆರಡು ನಿಮಿಷ ಕಾಯಬೇಕು.
— ಓದುಗರು, ಶಿಡ್ಲಘಟ್ಟ

ಉತ್ತರ: ನೆಟ್‌ವರ್ಕ್ ಫೋಲ್ಡರ್‌ಗಳು ಸೇರಿಕೊಳ್ಳುವವರೆಗೆ ಬಳಕೆದಾರರನ್ನು ಒಳಗೆ ಬಿಡಬಾರದೆಂಬುದು ಸಿಸ್ಟಂಡಿಯ, ಅಂದರೆ ಆನ್ ಆಗುವಾಗ ಸೇವೆಗಳನ್ನು ಶುರುಮಾಡಿಸುವ ವ್ಯವಸ್ಥೆಯ, ನಿಯಮ. ಬೇರೆಯವರ ಹೋಮ್ ಫೋಲ್ಡರ್ ಸರ್ವರ್‌ನಲ್ಲಿರುವ ಕಡೆ ಇದು ಸರಿಯೇ. ನಿಮಗೆ ಬೇಕಿರುವುದು ಮುಟ್ಟಿದಾಗ ಸೇರಿಕೊಳ್ಳುವ ವ್ಯವಸ್ಥೆ. ಆ ಸಾಲಿನ ನಾಲ್ಕನೇ ಅಂಕಣದಲ್ಲಿ, ಇರುವ ಆಯ್ಕೆಗಳ ಮುಂದೆ ಇವನ್ನು ಸೇರಿಸಿ: ಅಡಿಗೆರೆಯಿಂದ ಶುರುವಾಗುವ 'ನೆಟ್‌ಡೆವ್', 'ನೋಫೇಲ್', 'ಎಕ್ಸ್-ಸಿಸ್ಟಂಡಿ.ಆಟೋಮೌಂಟ್', 'ಎಕ್ಸ್-ಸಿಸ್ಟಂಡಿ.ಮೌಂಟ್-ಟೈಮ್‌ಔಟ್=10'. ನಡುವೆ ಅಲ್ಪವಿರಾಮ ಮಾತ್ರ ಇರಲಿ. ಅಲ್ಪವಿರಾಮದ ಪಕ್ಕ ಒಂದು ಜಾಗ ಬಿಟ್ಟರೂ ಅಲ್ಲಿಂದ ಮುಂದಿನದನ್ನು ಐದನೇ ಅಂಕಣವೆಂದು ಓದಿಕೊಳ್ಳುತ್ತದೆ. ಈ ಫೈಲಿನಲ್ಲಿ ಆಗುವ ತಪ್ಪುಗಳಲ್ಲಿ ಅರ್ಧ ಇದೇ ಇರಬೇಕು. ಇನ್ನು ಮೇಲೆ ಫೋಲ್ಡರ್ ತೆರೆದಾಗ ಮಾತ್ರ ಸಂಪರ್ಕ ಆಗುತ್ತದೆ, ಪೆಟ್ಟಿಗೆ ಆಫ್ ಇದ್ದರೆ 10 ಸೆಕೆಂಡಿಗೆ ಕೈಬಿಡುತ್ತದೆ.

ಇದಾದ ಮೇಲೂ 'ಬ್ಲೇಮ್' ಪಟ್ಟಿಯಲ್ಲಿ 'ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್' 30 ಅಥವಾ 60 ಸೆಕೆಂಡ್ ತಿನ್ನುತ್ತಿದ್ದರೆ 'ಸುಡೊ ಸಿಸ್ಟಂಸಿಟಿಎಲ್ ಡಿಸೇಬಲ್' ಮುಂದೆ ಆ ಹೆಸರನ್ನು ಪಟ್ಟಿಯಲ್ಲಿರುವಂತೆಯೇ (ಎನ್, ಎಂ ದೊಡ್ಡಕ್ಷರ) ಕೊಟ್ಟು ಆ ಸೇವೆಯನ್ನು ನಿಲ್ಲಿಸಬಹುದು. ಇಂಟರ್ನೆಟ್ ಹೋಗುವುದಿಲ್ಲ, ಇಂಟರ್ನೆಟ್ ಬಂತೇ ಎಂದು ಬಾಗಿಲಲ್ಲಿ ಕಾಯುವವನು ಹೋಗುತ್ತಾನೆ, ಅಷ್ಟೇ.

ಪ್ರಶ್ನೆ: ಶಾಲೆಯ ಲ್ಯಾಬ್‌ನಲ್ಲಿ ಒಂದೇ ಬಗೆಯ ಹತ್ತು ಕಂಪ್ಯೂಟರ್, ಎಲ್ಲದರಲ್ಲೂ ಒಂದೇ ಉಬುಂಟು. ಎಂಟು ಒಂದು ನಿಮಿಷದೊಳಗೆ ಏಳುತ್ತವೆ, ಎರಡಕ್ಕೆ ಏಳೆಂಟು ನಿಮಿಷ. ಒಮ್ಮೊಮ್ಮೆ 'ಎಟಿಎ1: ಹಾರ್ಡ್ ರಿಸೆಟಿಂಗ್ ಲಿಂಕ್' ಎಂಬ ಸಾಲು ಕಾಣುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡಿದರೂ ಅಷ್ಟೇ.
— ಶಿಕ್ಷಕರು, ಚಿಂತಾಮಣಿ

ಉತ್ತರ: ಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ, ಇದು ಹಾರ್ಡ್‌ವೇರ್. ಕರ್ನಲ್ ಡಿಸ್ಕ್‌ಗೆ 'ಈ ತುಣುಕು ಓದಿ ಕೊಡು' ಅನ್ನುತ್ತದೆ, ಉತ್ತರ ಬಾರದಿದ್ದರೆ 30 ಸೆಕೆಂಡ್ ಕಾದು ಸಂಪರ್ಕವನ್ನೇ ಕಡಿದು ಮತ್ತೆ ಜೋಡಿಸುತ್ತದೆ. ಹೀಗೆ ಹತ್ತು ಸಲ ಆದರೆ ಐದು ನಿಮಿಷ ಹೋಯಿತು.

ಕೆಟ್ಟದ್ದು ಡಿಸ್ಕೋ ಕೇಬಲ್ಲೋ ಎಂಬುದಷ್ಟೇ ಉಳಿದ ಪ್ರಶ್ನೆ. ಯಾವುದಕ್ಕೂ ಮುನ್ನ ಮಕ್ಕಳ ಫೈಲುಗಳನ್ನು ಬೇರೆಡೆ ಕಾಪಿ ಮಾಡಿ. ನಂತರ 'ಸುಡೊ ಆಪ್ಟ್ ಇನ್‌ಸ್ಟಾಲ್ ಸ್ಮಾರ್ಟ್‌ಮಾನ್‌ಟೂಲ್ಸ್' ಮಾಡಿ, 'ಸುಡೊ ಸ್ಮಾರ್ಟ್‌ಸಿಟಿಎಲ್ -ಎ' ಮುಂದೆ ಡಿಸ್ಕ್ ಹೆಸರು ಕೊಡಿ. ಬರುವ ಉದ್ದನೆಯ ಕೋಷ್ಟಕದಲ್ಲಿ ಮೂರೇ ಸಾಲು ನೋಡಿ, ಅದೂ ಕೊನೆಯ ಅಂಕಣದ ಅಂಕಿ. 5ನೇ ಕ್ರಮಸಂಖ್ಯೆ: ಈಗಾಗಲೇ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. 197: ಓದಲಾಗದೆ ತೀರ್ಮಾನಕ್ಕೆ ಕಾದಿರುವವು. 199: ದಾರಿಯಲ್ಲಿ, ಅಂದರೆ ಕೇಬಲ್‌ನಲ್ಲಿ, ಕೆಟ್ಟ ದತ್ತಾಂಶ. 197ರಲ್ಲಿ ಸೊನ್ನೆಗಿಂತ ಹೆಚ್ಚಿದ್ದು ವಾರ ವಾರ ಏರುತ್ತಿದ್ದರೆ ಡಿಸ್ಕ್ ಬದಲಿಸಿ, ಚೌಕಾಸಿ ಬೇಡ. 5 ಮತ್ತು 197 ಸೊನ್ನೆಯಿದ್ದು 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಜೋಡಿಸುವ ಸಾಟಾ ಕೇಬಲ್ ಬದಲಿಸಿದರೆ ಸಾಕು. 199ರ ಅಂಕಿ ಕೇಬಲ್ ಬದಲಿಸಿದ ಮೇಲೂ ಸೊನ್ನೆಗೆ ಇಳಿಯುವುದಿಲ್ಲ. ಇಂದಿನ ಅಂಕಿ ಬರೆದಿಟ್ಟುಕೊಂಡು ಅಲ್ಲೇ ನಿಂತಿತೇ ನೋಡಿ.

ನಿಮ್ಮಲ್ಲಿ ಒಂದೇ ಬಗೆಯ ಯಂತ್ರಗಳು ಇರುವುದು ಅನುಕೂಲ. ಸರಿಯಿರುವ ಒಂದರ ಕೇಬಲ್ ಬಿಚ್ಚಿ ಇದಕ್ಕೆ ಹಾಕಿ. ರೋಗ ಕೇಬಲ್ ಜೊತೆ ಹೋದರೆ ಖರ್ಚಿಲ್ಲದೆ ಪತ್ತೆ ಆಯಿತು. ಹಾಗೆಯೇ ಸಾಟಾ ಕಿಂಡಿಯನ್ನೂ ಬದಲಿಸಿ ನೋಡಿ. ಪವರ್ ಪ್ಲಗ್ಗನ್ನೂ ಒತ್ತಿ ಕೂರಿಸಿ. ಸಡಿಲ ಪವರ್ ಪ್ಲಗ್ ಸಹ ಇದೇ ಸಾಲನ್ನು ಬರೆಸುತ್ತದೆ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಯಾವ ದೋಷದ ಸಾಲೂ ಇಲ್ಲ, ಡಿಸ್ಕ್ ಪರೀಕ್ಷೆ ಸರಿಯಿದೆ. ಆದರೂ ಪಾಸ್‌ವರ್ಡ್ ಕೊಟ್ಟ ಮೇಲೆ ಬ್ರೌಸರ್ ತೆರೆಯಲು ಮೂರು ನಿಮಿಷ.
— ಓದುಗರು, ಮುಳಬಾಗಿಲು

ಉತ್ತರ: ಇಲ್ಲಿ ಯಂತ್ರ ಕಾಯುತ್ತಿರುವುದು ಡಿಸ್ಕ್‌ನ ತಟ್ಟೆ ತಿರುಗಲು. ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ತುಣುಕು ತಲೆಯಡಿ ಬರಲು ಸರಾಸರಿ ಅದರ ಅರ್ಧ, ಮೇಲೆ ತಲೆ ಸರಿಯುವ ಸಮಯ. ಚೆಲ್ಲಾಪಿಲ್ಲಿಯಾದ ತುಣುಕುಗಳನ್ನು ಸೆಕೆಂಡಿಗೆ ನೂರರಷ್ಟೂ ಓದಲಾಗದು. ಬೂಟ್ ಆಗುವಾಗ ಓದಬೇಕಾದವು ಸಾವಿರಾರು.

2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಹಾಕಿ. 240 ಅಥವಾ 256 ಜಿಬಿ ಸಾಕು. ರ್ಯಾಮ್‌ಗೂ ಎಸ್‌ಎಸ್‌ಡಿಗೂ ಎರಡಕ್ಕೂ ಹಣವಿಲ್ಲದಿದ್ದರೆ ಮೊದಲು ಎಸ್‌ಎಸ್‌ಡಿ, ಇದರಲ್ಲಿ ನಮಗೆ ಎರಡು ಮಾತಿಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿ ಹೋಮ್ ಫೋಲ್ಡರ್ ಕಾಪಿ ಮಾಡುವುದೇ ಸಲೀಸು. ಇಡೀ ಡಿಸ್ಕನ್ನು ಕ್ಲೋನ್ ಮಾಡಿದರೆ ಎರಡೂ ಡಿಸ್ಕ್‌ಗೆ ಒಂದೇ ಯುಯುಐಡಿ ಬರುತ್ತದೆ. ಹಳೆಯದನ್ನು ಜೋಡಿಸಿಯೇ ಆನ್ ಮಾಡಿದರೆ ಯಾವುದರಿಂದ ಎದ್ದಿತೋ ಹೇಳಲಾಗದು. ಮೊದಲ ಸಲ ಹಳೆಯದನ್ನು ಬಿಚ್ಚಿಟ್ಟೇ ಆನ್ ಮಾಡಿ.

ಪ್ರಶ್ನೆ: ಮಾವಿನ ಮಂಡಿಯ ಉಬುಂಟು ಯಂತ್ರ. ಕರೆಂಟ್ ಹೋಗಿ ಬಂದಾಗಲೆಲ್ಲ ಕೆಲವೊಮ್ಮೆ ಮೆನು ಪರದೆಯಲ್ಲೇ ಅರ್ಧ ನಿಮಿಷ ನಿಲ್ಲುತ್ತದೆ. ಎಫ್1 ಒತ್ತು ಎಂದೂ ಕೇಳುತ್ತದೆ, ದಿನಾಂಕ ವರ್ಷಗಳ ಹಿಂದಕ್ಕೆ ಹೋಗಿರುತ್ತದೆ.
— ಓದುಗರು, ಶ್ರೀನಿವಾಸಪುರ

ಉತ್ತರ: ಎರಡು ಬೇರೆ ವಿಷಯ. ದಿನಾಂಕ ಮತ್ತು ಎಫ್1ಗೆ ಕಾರಣ ಮದರ್‌ಬೋರ್ಡಿನ ನಾಣ್ಯದಂಥ ಸೆಲ್, ಸಿಆರ್2032. ಮೀಟರ್‌ನಲ್ಲಿ 3 ವೋಲ್ಟ್ ಬರಬೇಕು, 2.7ಕ್ಕಿಂತ ಇಳಿದಿದ್ದರೆ ಬದಲಿಸಿ. ದಿನಾಂಕ ಹಿಂದಿದ್ದರೆ ಜಾಲತಾಣಗಳ ಪ್ರಮಾಣಪತ್ರ ತಪ್ಪೆಂದು ಬ್ರೌಸರ್ ಹಟ ಹಿಡಿಯುವುದೂ ಇದರಿಂದಲೇ.

ಅರ್ಧ ನಿಮಿಷದ ಮೆನು ಉಬುಂಟುವಿನ ಎಚ್ಚರಿಕೆ. ಬೂಟ್ ಪೂರ್ಣವಾಗುವ ಮುನ್ನವೇ ಕರೆಂಟ್ ಹೋದರೆ 'ಕಳೆದ ಸಲ ಎಡವಿದೆ' ಎಂದು ಗ್ರಬ್ ಗುರುತಿಟ್ಟುಕೊಂಡು ಮುಂದಿನ ಸಲ 30 ಸೆಕೆಂಡ್ ಮೆನು ತೋರಿಸುತ್ತದೆ. ಇಟಿಸಿ, ಡಿಫಾಲ್ಟ್, ಗ್ರಬ್ ಫೈಲಿನಲ್ಲಿ 'ಗ್ರಬ್_ರೆಕಾರ್ಡ್‌ಫೇಲ್_ಟೈಮ್‌ಔಟ್=5' ಎಂದು ಪೂರ್ತಿ ದೊಡ್ಡಕ್ಷರದಲ್ಲಿ ಸೇರಿಸಿ 'ಸುಡೊ ಅಪ್‌ಡೇಟ್-ಗ್ರಬ್' ಕೊಡಿ. ಸೊನ್ನೆ ಇಡಬೇಡಿ, ನಿಜಕ್ಕೂ ಎಡವಿದ ದಿನ ಮೆನು ಬೇಕಾಗುತ್ತದೆ. ಕರೆಂಟ್ ಬಂದ ಕೂಡಲೇ ಆನ್ ಮಾಡದೆ ಐದು ನಿಮಿಷ ಬಿಡಿ. ಬಂದದ್ದು ನಿಲ್ಲುತ್ತದೆಯೋ ನೋಡಿ.

ಪ್ರಶ್ನೆ: 'ಬ್ಲೇಮ್' ಪಟ್ಟಿಯ ಮೊದಲ ಸಾಲು 'ಪ್ಲೈಮೌತ್-ಕ್ವಿಟ್-ವೇಟ್', 25 ಸೆಕೆಂಡ್. ತೆಗೆದುಹಾಕಲೇ?
— ಓದುಗರು, ಗೌರಿಬಿದನೂರು

ಉತ್ತರ: ಬೇಡ. ಅದು ಲೋಗೋ ಪರದೆ. ಬೇರೆಯವರು ಮುಗಿಸಲಿ ಎಂದು ನಿಂತಿದೆ. 'ಸಿಸ್ಟಂಡಿ-ಅನಲೈಜ್ ಕ್ರಿಟಿಕಲ್-ಚೈನ್' ಕೊಟ್ಟು, ಕೂಡುಚಿಹ್ನೆಯ ಮುಂದೆ ದೊಡ್ಡ ಅಂಕಿ ಇರುವ ಸಾಲು ಹಿಡಿಯಿರಿ.

ಪ್ರಶ್ನೆ: ಹಳೆಯ ಕೋರ್ 2 ಡ್ಯುಯೋ ಯಂತ್ರದಲ್ಲಿ ಡೆಬಿಯನ್ 10. ಆನ್ ಆಗುವಾಗ ಮೌಸ್ ಅಲ್ಲಾಡಿಸುತ್ತಿದ್ದರೆ ಬೇಗ ಏಳುತ್ತದೆ, ಸುಮ್ಮನೆ ಬಿಟ್ಟರೆ ಎರಡು ನಿಮಿಷ. ಗೆಳೆಯರು ನಗುತ್ತಾರೆ.
— ಓದುಗರು, ಮಧುಗಿರಿ

ಉತ್ತರ: ನಗುವವರಿಗೆ ತೋರಿಸಿ, ನೀವು ಹೇಳುವುದು ನಿಜ. ಗುಪ್ತಲಿಪಿಗೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳನ್ನು ಕರ್ನಲ್ ಮೌಸ್, ಕೀಲಿಮಣೆ, ಡಿಸ್ಕ್‌ಗಳ ಅನಿಯಮಿತ ಚಲನೆಯಿಂದ ಕೂಡಿಸುತ್ತದೆ. ಡೆಬಿಯನ್ 10ರ ಕರ್ನಲ್ 4.19 ಸಾಕಷ್ಟು ಕೂಡುವವರೆಗೆ ಕೆಲವು ಸೇವೆಗಳನ್ನು ತಡೆದು ನಿಲ್ಲಿಸುತ್ತದೆ. ಹೊಸ ಪ್ರೊಸೆಸರ್‌ಗಳಲ್ಲಿ ಇದಕ್ಕೆಂದೇ ಆದೇಶವಿದೆ, ಕೋರ್ 2 ಡ್ಯುಯೋದಲ್ಲಿ ಇಲ್ಲ. 'ಡಿಮೆಸೇಜ್' (ಡಿ, ಎಂ, ಇ, ಎಸ್, ಜಿ; ಮುಂದೆ ಸುಡೊ ಇರಲಿ) ಪಟ್ಟಿಯಲ್ಲಿ 'ಸಿಆರ್‌ಎನ್‌ಜಿ ಇನಿಟ್ ಡನ್' ಎಂಬ ಸಾಲಿನ ಎಡಗಡೆಯ ಸೆಕೆಂಡುಗಳನ್ನು ನೋಡಿ. ಮೌಸ್ ಅಲ್ಲಾಡಿಸಿದ ದಿನ ಕಡಿಮೆ, ಇಲ್ಲದ ದಿನ ನೂರರ ಆಚೆ ಇರುತ್ತದೆ. 2019ರ ಕೊನೆಗೆ ಬಂದ 5.4ನೇ ಕರ್ನಲ್‌ನಲ್ಲಿ ಇದು ಪರಿಹಾರವಾಗಿದೆ. ಡೆಬಿಯನ್ 10ರ ದೀರ್ಘಾವಧಿ ಬೆಂಬಲವೂ 2024ರ ಜೂನ್‌ಗೆ ಮುಗಿದಿರುವುದರಿಂದ 12ಕ್ಕೆ ಹೋಗುವುದೇ ಸರಿ. 10ರಿಂದ ನೇರ ಜಿಗಿಯಬೇಡಿ, ನಡುವೆ 11 ದಾಟಿ ಹೋಗಿ. ಅಲ್ಲಿಯತನಕ 'ಹ್ಯಾವೆಜ್ಡ್' (ಎಚ್, ಎ, ವಿ, ಇ, ಜಿ, ಇ, ಡಿ) ಪ್ಯಾಕೇಜ್ ಹಾಕಿಕೊಂಡರೆ ಮೌಸ್‌ಗೆ ಬಿಡುವು ಸಿಗುತ್ತದೆ.