ಕಡಲಿಗೆ ಕಾಸಿಲ್ಲ, ಹಾಸಿಗೆಗೆ ಇದೆ

‘ಇಬ್ಬರು ಗೆಳೆಯರು, ಒಂದು ಬೈಕ್, ಐದು ದಿನ, ಹತ್ತು ಸಾವಿರ ರೂಪಾಯಿ. ಡಿಸೆಂಬರಿನಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಕಡಲ ಬದಿಯಲ್ಲೇ ಹೋಗಿ ಮರಳಬಹುದೇ? ಖರ್ಚು ಉಳಿಸಲು ಬೀಚಿನಲ್ಲಿ ಟೆಂಟ್ ಹಾಕಿದರೆ ಹೇಗೆ?’ ಎಂದು ಕೇಳಿದ್ದೀರಿ.

ಹೋಗಿ ಬರಬಹುದು, ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ ಕೂಡ. ಟೆಂಟ್ ಮಾತ್ರ ಬೇಡ.

ನನ್ನ ಮಾತಿಗೆ ಆಧಾರ ಇಷ್ಟು: ಆರು ವರ್ಷ ನಾನು ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ಇದೇ ದಾರಿಯಲ್ಲಿ ಬೈಕ್ ಓಡಿಸಿದ್ದೇನೆ. ಕಂಪನಿ ಕೊಡುತ್ತಿದ್ದ ದಿನಭತ್ಯೆ ನಿಗದಿಯಾದದ್ದು. ದೊಡ್ಡ ಹೋಟೆಲಿನಲ್ಲಿ ಉಂಡರೂ ಅಷ್ಟೇ, ಗಂಜಿ ಕುಡಿದರೂ ಅಷ್ಟೇ. ಹಾಗಾಗಿ ಯಾವ ಊರಿನಲ್ಲಿ ಎಷ್ಟಕ್ಕೆ ಮಲಗಬಹುದು, ಎಲ್ಲಿ ಹೊಟ್ಟೆ ತುಂಬುತ್ತದೆ ಎಂಬ ವಿದ್ಯೆಯನ್ನು ಔಷಧಗಳ ಹೆಸರಿಗಿಂತ ಚೆನ್ನಾಗಿ ಕಲಿತೆ. ಆ ವಿದ್ಯೆಯ ತಿರುಳು ಒಂದೇ. ಈ ಕರಾವಳಿಯಲ್ಲಿ ಕಡಲು ಪುಕ್ಕಟೆ, ಕಡಲು ಕಾಣುವ ಕಿಟಕಿಗೆ ದುಡ್ಡು. ಅಲೆಯ ಸದ್ದು ಕೇಳುವ ಕೋಣೆಗೆ ಮೂರು ಸಾವಿರ ಹೇಳಿದರೆ, ಅಲ್ಲಿಂದ ಎಂಟು-ಹತ್ತು ಕಿಲೋಮೀಟರ್ ಒಳಗಿರುವ ಪೇಟೆಯ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಎಂಟುನೂರು, ಒಂಬೈನೂರಕ್ಕೆ ಇಬ್ಬರು ಮಲಗಬಹುದು. ನಿಮ್ಮ ಬಳಿ ಬೈಕ್ ಇದೆ. ಕಾಲು ಗಂಟೆಯಲ್ಲಿ ಕಡಲು. ರಾತ್ರಿ ಕಣ್ಣು ಮುಚ್ಚಿದ ಮೇಲೆ ಕಿಟಕಿಯಾಚೆ ಏನಿದ್ದರೇನು?

ಹಾಗಾಗಿ ತಂಗುವ ಊರುಗಳನ್ನು ಪ್ರವಾಸಿಗರ ಪಟ್ಟಿಯಿಂದ ಆರಿಸಬೇಡಿ. ಗೋಕರ್ಣ, ಮುರುಡೇಶ್ವರ, ಮಲ್ಪೆ ನೋಡುವುದಕ್ಕೆ. ಕುಂದಾಪುರ, ಕುಮಟಾ, ಅಂಕೋಲಾ, ಕಾರವಾರ ಮಲಗುವುದಕ್ಕೆ. ಈ ಪೇಟೆಗಳ ಲಾಡ್ಜುಗಳು ನಡೆಯುವುದೇ ಕೋರ್ಟು ಕೆಲಸಕ್ಕೆ ಬಂದವರಿಂದ, ಆಸ್ಪತ್ರೆಗೆ ಬಂದವರಿಂದ, ನನ್ನಂಥ ಚೀಲ ಹೊತ್ತವರಿಂದ. ಹಬ್ಬ, ರಜೆ ಎಂದು ಅಲ್ಲಿ ದರ ಅಷ್ಟಾಗಿ ಕುಣಿಯುವುದಿಲ್ಲ. ದುಡ್ಡು ಕೊಡುವ ಮೊದಲು ಕೋಣೆ ನೋಡಿ, ನಲ್ಲಿ ತಿರುಗಿಸಿ, ಫ್ಯಾನ್ ಹಾಕಿಸಿ. ಹಿಂಬದಿಯ ಕೋಣೆಯನ್ನೇ ಕೇಳಿ, ಇಲ್ಲದಿದ್ದರೆ ಬೆಳಗಿನ ಮೊದಲ ಬಸ್ಸಿನ ಹಾರ್ನ್ ನಿಮ್ಮನ್ನು ಎಬ್ಬಿಸುತ್ತದೆ. ಮನೆಯಿಂದ ಒಂದು ಹೊದಿಕೆ, ಒದ್ದೆ ಬಟ್ಟೆ ಒಣಹಾಕಲು ಒಂದು ಹಗ್ಗ, ಇಬ್ಬರ ಗುರುತಿನ ಚೀಟಿ ಇರಲಿ.

ಟೆಂಟ್ ಏಕೆ ಬೇಡ? ನಿಮಗೆ ಖಾಲಿ ಮರಳು ಎಂದು ಕಾಣುವುದು ಬೆಳಗಿನ ಜಾವ ಬಲೆ ಎಳೆಯುವವರ ಕೆಲಸದ ಜಾಗ. ರಾತ್ರಿ ಗಸ್ತಿನವರು ಎಬ್ಬಿಸಿದರೆ ಹನ್ನೆರಡು ಗಂಟೆಗೆ ಕೋಣೆ ಹುಡುಕಬೇಕು, ಆಗ ಹೇಳಿದ್ದೇ ದರ. ಇನ್ನೊಂದು ಕಾರಣವನ್ನು ನೀವು ಊಹಿಸಿರಲಿಕ್ಕಿಲ್ಲ. ಹೊನ್ನಾವರದ ಸುತ್ತಿನ ಕಡಲದಂಡೆಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಳಿನಿಂದ ಹೊರಬಂದ ಮರಿಗಳು ಬೆಳಕಿನ ಕಡೆಗೆ ತೆವಳುತ್ತವೆ. ದಂಡೆಯಲ್ಲಿ ಟಾರ್ಚು, ಬೆಂಕಿ ಇದ್ದರೆ ಕಡಲು ಬಿಟ್ಟು ಅತ್ತ ಹೋಗುತ್ತವೆ.

ಈಗ ದಾರಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಹಳಬರು ಈಗಲೂ ಅದನ್ನು ಹಳೆಯ ಸಂಖ್ಯೆಯಲ್ಲಿ ಹದಿನೇಳು ಎಂದೇ ಕರೆಯುತ್ತಾರೆ. ಟೋಲ್ ಗೇಟುಗಳು ಹಲವಿವೆ, ದ್ವಿಚಕ್ರ ವಾಹನಕ್ಕೆ ಎಲ್ಲೂ ಶುಲ್ಕವಿಲ್ಲ. ಬದಿಯ ಓಣಿಯಲ್ಲಿ ನುಸುಳಿದರಾಯಿತು. ಆದರೆ ಈ ಹೆದ್ದಾರಿಯಲ್ಲೇ ನೇರ ಹೋದರೆ ಕಡಲು ಕಾಣುವುದು ಬೆರಳೆಣಿಕೆಯ ಕಡೆ. ಕಡಲ ಬದಿಯ ಪ್ರವಾಸ ಬೇಕಾದರೆ ಹೆದ್ದಾರಿಯನ್ನು ಆಗಾಗ ಬಿಡಬೇಕು.

ಮೊದಲ ಸಲ ಬಿಡಬೇಕಾದದ್ದು ಕಾಪುವಿನಲ್ಲಿ. 1901ರ ದೀಪಸ್ತಂಭವನ್ನು ನೋಡಿ ಹೆದ್ದಾರಿಗೆ ಮರಳದೆ ಕಡಲ ಪಕ್ಕದಲ್ಲೇ ಉತ್ತರಕ್ಕೆ ಮಟ್ಟು, ಪಡುಕೆರೆ ಎಂದು ಕೇಳುತ್ತಾ ಹೋಗಿ. ಪಡುಕೆರೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ಸಾಲು ಮನೆ ಮತ್ತು ತೆಂಗು. ಅಂಗಳದಲ್ಲಿ ಮೀನು ಒಣಗುತ್ತಿರುತ್ತದೆ, ಮನೆಯ ನಾಯಿ ರಸ್ತೆಯ ಮಧ್ಯೆ ಮಲಗಿರುತ್ತದೆ. ನೀವೇ ಸುತ್ತಿ ಹೋಗಬೇಕು. ಸೇತುವೆ ದಾಟಿದರೆ ಮಲ್ಪೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಅದೂ ಚೆಂದವೇ, ಆದರೆ ಅಲ್ಲಿ ಲಾರಿಗಳ ಗದ್ದಲ. ನನ್ನ ಮತ ಪಡುಕೆರೆಗೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುತ್ತದೆ. ಇಬ್ಬರ ದೋಣಿಯ ದುಡ್ಡಿನಲ್ಲಿ ಒಂದು ದಿನದ ಊಟವಾಗಬಹುದು, ಆದರೂ ಇದೊಂದು ಖರ್ಚನ್ನು ಮಾಡಿ ಎನ್ನುತ್ತೇನೆ. ಲಾವಾ ತಣ್ಣಗಾಗುವಾಗ ಕುಗ್ಗಿ, ಬಿರಿದು ಆದ ಹಲವು ಮುಖಗಳ ಕಲ್ಲಿನ ಕಂಬಗಳು, ಬಡಗಿ ಕೂತು ಕೆತ್ತಿದಂತೆ ಸಾಲಾಗಿ ನಿಂತಿವೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿನಡಿ ಈಜುವ ಆಸೆ ಇದ್ದರೆ ಅದನ್ನು ಇನ್ನೊಂದು ಸಂಬಳಕ್ಕೆ ಇಟ್ಟುಕೊಳ್ಳಿ. ಈ ಹತ್ತು ಸಾವಿರದಲ್ಲಿ ಅದು ಕೂರುವುದಿಲ್ಲ.

ಮೊದಲ ರಾತ್ರಿ ಕುಂದಾಪುರ. ಎರಡನೆಯ ದಿನ ಮರವಂತೆ, ಬೈಂದೂರಿನ ಒತ್ತಿನೆಣೆ ಗುಡ್ಡ, ಮುರುಡೇಶ್ವರದ 123 ಅಡಿಯ ಶಿವ. ಶರಾವತಿಯ ಸೇತುವೆಗೆ ಮೊದಲು ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ಬಿಸಿಲಿಳಿಯುವ ಹೊತ್ತಿಗೆ ಒಂದು ಸುತ್ತು ಹಾಕಿ. ರಾತ್ರಿಗೆ ಕುಮಟಾ.

ಕುಮಟಾದಲ್ಲಿ ಎರಡು ರಾತ್ರಿ ಇರಿ. ಎಲ್ಲರೂ ಗೋಕರ್ಣದಲ್ಲಿ ಉಳಿಯುವಾಗ ಇಲ್ಲೇಕೆ ಎಂದರೆ, ಮೂರನೆಯ ದಿನದ ಸುತ್ತಿಗಾಗಿ. ಚೀಲವನ್ನು ಲಾಡ್ಜಿನಲ್ಲೇ ಬಿಟ್ಟು ಬಾಡ, ಕಾಗಾಲ ದಾಟಿ ಅಘನಾಶಿನಿ ಎಂಬ ಹಳ್ಳಿಗೆ ಹೋಗಿ. ನದಿಯ ಹೆಸರೂ ಅದೇ. ಅಲ್ಲಿ ತಾರಿ ಇದೆ. ಜನರ ಜೊತೆ ಬೈಕನ್ನೂ ದೋಣಿಗೆ ಹತ್ತಿಸಿಕೊಂಡು ಆಚೆ ದಡದ ತದಡಿಯಲ್ಲಿ ಇಳಿಸುತ್ತಾರೆ. ಕಡಲಿನ ಇಳಿತದ ಹೊತ್ತಾದರೆ, ಸೊಂಟದ ಮಟ್ಟದ ನೀರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆಯುವವರು ಕಾಣುತ್ತಾರೆ. ತದಡಿಯಿಂದ ಗೋಕರ್ಣ ಹತ್ತಿರ. ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮೇಲೆ ಕಾಲುದಾರಿ ಇದೆ, ನಡೆದೇ ಹೋಗಿ. ಮಧ್ಯಾಹ್ನ ದೇವಸ್ಥಾನದಲ್ಲಿ ಪ್ರಸಾದದ ಊಟ ಸಿಗುತ್ತದೆ. ಉಡುಪಿಯ ಕೃಷ್ಣಮಠದಲ್ಲೂ ಅಷ್ಟೇ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅದನ್ನು ‘ಊಟ: ಸೊನ್ನೆ’ ಎಂದು ಬರೆಯಬೇಡಿ, ಕೈಲಾದಷ್ಟು ಹುಂಡಿಗೆ ಹಾಕಿ. ಮರಳುವಾಗ ಮಾದನಗೇರಿ ಕಡೆಯ ರಸ್ತೆ ಹಿಡಿದರೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು, ಹೆದ್ದಾರಿಗೆ ಬಂದ ಮೇಲೆ ಮಿರ್ಜಾನ್ ಕೋಟೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದ ಕೋಟೆ ಅದು. ಆಕೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಕೆಂಪು ಜಂಬಿಟ್ಟಿಗೆಯ ಗೋಡೆ, ಅದರ ಮೇಲೆಲ್ಲ ಹಸಿರು ಹುಲ್ಲು. ಸಂಜೆ ಬೆಳಕಿನಲ್ಲಿ ನೋಡಿ.

ಈ ಸುತ್ತನ್ನು ತಿರುಗಾ ಮುರುಗಾ ಮಾಡಬೇಡಿ. ನಾನು ಒಮ್ಮೆ ಮಾಡಿದೆ. ಗೋಕರ್ಣದಲ್ಲಿ ಕೊನೆಯ ಡಾಕ್ಟರನ್ನು ಕಂಡು ಕತ್ತಲಾಗುವ ಹೊತ್ತಿಗೆ ತದಡಿಗೆ ಬಂದರೆ ಕೊನೆಯ ದೋಣಿ ಹೋಗಿಬಿಟ್ಟಿತ್ತು. ಎದುರು ದಡದ ದೀಪಗಳು ಕಾಣುತ್ತಿವೆ, ಅಲ್ಲಿ ಒಬ್ಬರ ಮನೆಯಲ್ಲಿ ಮೀನು ಸಾರು ಕಾಯುತ್ತಿದೆ, ನಾನು ಮಾತ್ರ ಬಂದ ದಾರಿಯಲ್ಲೇ ಹಿಂತಿರುಗಿ ಮಿರ್ಜಾನ್, ಕುಮಟಾ ಎಲ್ಲ ಸುತ್ತಿ ಬರಬೇಕಾಯಿತು. ಸಾರು ಆರಿತ್ತು. ಬೆಳಿಗ್ಗೆ ದೋಣಿ, ಸಂಜೆ ರಸ್ತೆ: ಇದೇ ಕ್ರಮ.

ನಾಲ್ಕನೆಯ ದಿನ ಅಂಕೋಲಾ ದಾಟಿ ಕಾರವಾರ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಅಂಕೋಲಾ. ದಾರಿಯಲ್ಲಿ ಶಿರೂರು ಸಿಗುತ್ತದೆ. ಬೈಂದೂರಿನ ಬಳಿಯ ಟೋಲ್ ಗೇಟಿನ ಶಿರೂರು ಬೇರೆ, ಇದು ಬೇರೆ. 2024ರ ಜುಲೈ 16ರಂದು ಇಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಹೋಟೆಲೊಂದನ್ನು ಜನರ ಸಮೇತ ಗಂಗಾವಳಿ ನದಿಗೆ ನೂಕಿತು. ಡಿಸೆಂಬರಿನಲ್ಲಿ ಆ ಭಯವಿಲ್ಲ. ಮಳೆಗಾಲದಲ್ಲಿ ಯಾರಾದರೂ ಈ ದಾರಿಯಲ್ಲಿ ಬರುವುದಾದರೆ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆಂದು ಕೂಡ ನಿಲ್ಲಬಾರದು. ಕಾರವಾರದಲ್ಲಿ ಠಾಗೋರ್ ಹೆಸರಿನ ಕಡಲತೀರವೂ ಅಲ್ಲೇ ನಿಲ್ಲಿಸಿರುವ ನೌಕಾಪಡೆಯ ‘ಚಪಲ್’ ಹಡಗೂ ಪೇಟೆಗೆ ತಾಗಿಕೊಂಡೇ ಇವೆ. ಮಲಗುವ ಊರು ಮತ್ತು ನೋಡುವ ಊರು ಒಂದೇ ಆಗಿರುವುದು ಇಲ್ಲಿ ಮಾತ್ರ. ಊರಿಗೆ ಮೊದಲು ನೌಕಾನೆಲೆಯ ಬೇಲಿ ಬರುತ್ತದೆ, ಅಲ್ಲಿ ಮೊಬೈಲ್ ಹೊರಗೆ ತೆಗೆಯಬೇಡಿ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿಯಿತು. ಪಕ್ಕದ ಹೊಸ ಸೇತುವೆಯ ಮೇಲೆ ಹೋಗಿ, ನದಿ ಕಡಲು ಸೇರುವುದನ್ನು ನೋಡಿ ಹಿಂತಿರುಗಿ.

ಊಟದ ವಿಷಯದಲ್ಲಿ ಮೋಸ ಹೋಗುವುದು ಹುರಿದ ಮೀನಿನಲ್ಲಿ. ಮೀನೂಟಕ್ಕೆ ಒಂದು ದರ ಇರುತ್ತದೆ: ಅನ್ನ, ಸಾರು, ಪಲ್ಯ, ಕೆಲವು ಕಡೆ ಸಾರಿನಲ್ಲೇ ಒಂದು ತುಂಡು ಮೀನು. ಅದು ಅಗ್ಗ. ಮಾಣಿ ತಟ್ಟೆಯಲ್ಲಿ ಮಸಾಲೆ ಹಚ್ಚಿದ ಅಂಜಲ್ ತಂದು ತೋರಿಸಿ ‘ಹುರಿಯಲೇ?’ ಎನ್ನುತ್ತಾನೆ, ನೀವು ತಲೆಯಾಡಿಸುತ್ತೀರಿ, ಬಿಲ್ಲು ಮೂರು ಪಟ್ಟಾಗುತ್ತದೆ. ಬಂಗುಡೆ ಕೇಳಿ, ಭೂತಾಯಿ ಕೇಳಿ. ಭಟ್ಕಳ ದಾಟಿದ ಮೇಲೆ ಭೂತಾಯಿ ತಾರ್ಲೆಯಾಗುತ್ತದೆ, ಅಂಜಲ್ ಇಸ್ವಾಣವಾಗುತ್ತದೆ, ಶರಬತ್ತಿನ ಹುಳಿ ಹಣ್ಣು ಪುನರ್ಪುಳಿ (ಕೋಕಂ) ಮುರುಗಲಾಗುತ್ತದೆ. ದುಬಾರಿಯದು ಯಾವ ಹೆಸರಿನಲ್ಲೂ ದುಬಾರಿಯೇ. ಬೆಳಿಗ್ಗೆ ಬನ್ಸ್, ನೀರುದೋಸೆ ಸಾಕು. ಮಧ್ಯಾಹ್ನ ಗಟ್ಟಿಯಾಗಿ ಉಣ್ಣಿ. ಲಾರಿಯವರೂ ಬಸ್ಸಿನ ನಿರ್ವಾಹಕರೂ ಕೂತಿರುವ ಹೋಟೆಲು ನೋಡಿ ಒಳಗೆ ಹೋದರೆ ನನಗೆ ಆರು ವರ್ಷದಲ್ಲಿ ಹೊಟ್ಟೆ ಕೆಟ್ಟದ್ದು ಒಂದೇ ಸಲ. ಅದೂ ಮದುವೆ ಮನೆಯ ಊಟದಿಂದ.

ಲೆಕ್ಕ ಹೀಗೆ. ಹೋಗಿ ಬರುವ ದಾರಿ, ಒಳದಾರಿ ಎಲ್ಲ ಸೇರಿ 660 ಕಿಲೋಮೀಟರ್ ಎನ್ನೋಣ. ಇಬ್ಬರನ್ನು ಹೊತ್ತ ಬೈಕ್ ಲೀಟರಿಗೆ 45 ಕೊಟ್ಟರೆ ಹದಿನೈದು ಲೀಟರ್, ಸುಮಾರು 1,550 ರೂಪಾಯಿ. ನಾಲ್ಕು ರಾತ್ರಿಗೆ 3,600. ಊಟ, ಚಹಾ ಇಬ್ಬರಿಗೂ ಸೇರಿ ದಿನಕ್ಕೆ 720ರಂತೆ 3,600. ದೋಣಿ, ತಾರಿ, ಪಾರ್ಕಿಂಗ್‌ಗೆ 800. ಒಟ್ಟು 9,550. ಉಳಿದ ನಾನೂರೈವತ್ತು ಪಂಕ್ಚರಿಗೆ. ಪಂಕ್ಚರಾಗದಿದ್ದರೆ ಕೊನೆಯ ರಾತ್ರಿ ಇಸ್ವಾಣ ತಿನ್ನಿ.

ಬೈಕಿಗೆ ಇಲ್ಲಿ ಎರಡು ಅಪಾಯಗಳಿವೆ. ಮೀನಿನ ಲಾರಿಗಳಿಂದ ಸೋರುವ ನೀರು ರಸ್ತೆಯ ಮೇಲೆ ಎಣ್ಣೆಯಂತೆ ಜಾರುತ್ತದೆ, ತಿರುವಿನಲ್ಲಂತೂ ಬ್ರೇಕ್ ಮುಟ್ಟುವ ಹಾಗಿಲ್ಲ. ಮೀನಿನ ಲಾರಿಯ ಹಿಂದೆ ಹೋಗಬೇಡಿ, ಬಟ್ಟೆಗೂ ಒಳ್ಳೆಯದು. ಎರಡನೆಯದು ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಮಲಗುವ ದನಗಳು. ಆರೂವರೆಯೊಳಗೆ ಲಾಡ್ಜು ಸೇರಿ. ಇನ್ನು ನೀರಿನ ಮಾತು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡರು. ಮಳೆಗಾಲವಲ್ಲ, ಬಿರುಗಾಳಿಯಲ್ಲ, ನೀವು ಹೋಗಬೇಕೆಂದಿರುವ ಇದೇ ತಿಂಗಳು. ಮೊಣಕಾಲು ದಾಟಿ ಇಳಿಯಬೇಡಿ, ನದಿ ಕಡಲು ಸೇರುವ ಅಳಿವೆಯಲ್ಲಂತೂ ಕಾಲೇ ಇಡಬೇಡಿ.

ಬೈಕ್ ಕೈಕೊಟ್ಟರೆ ಕೊಂಕಣ ರೈಲಿನ ಪ್ಯಾಸೆಂಜರ್ ಗಾಡಿ ಇದೆ. ಅಗ್ಗ, ಆದರೆ ಹಲವು ನಿಲ್ದಾಣಗಳು ಊರಿನಿಂದ ದೂರ. ಆಟೋಗೆ ಕೊಡುವುದು ಟಿಕೆಟಿಗಿಂತ ಹೆಚ್ಚಾಗುತ್ತದೆ.

ಡಿಸೆಂಬರ್ ಸರಿ. ಆದರೆ 20ರ ಒಳಗೆ ಮುಗಿಸಿ, ಆಮೇಲೆ ಜನವರಿ ಮೊದಲ ವಾರದವರೆಗೆ ಗೋಕರ್ಣದ ಕಡೆ ಬೈಕ್ ನಿಲ್ಲಿಸಲೂ ಜಾಗವಿರುವುದಿಲ್ಲ. ಆ ತಾರೀಕು ತಪ್ಪಿದರೆ ಏಪ್ರಿಲ್ ಕೊನೆಗೆ ಬನ್ನಿ. ಬೆವರುತ್ತದೆ, ಆದರೆ ಕುಮಟಾ ಬಳಿ ರಸ್ತೆ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ, ಅಂಕೋಲಾದಲ್ಲಿ ಕರಿ ಈಶಾಡ ಮಾವು ಸಿಗುತ್ತವೆ. ಜೂನ್, ಜುಲೈ ಬೇಡವೇ ಬೇಡ: ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬಂಗುಡೆಯೂ ಅಂಜಲ್ ದರ ಹೇಳುತ್ತದೆ.

ಶನಿವಾರ ಹೊರಡಬೇಡಿ. ಭಾನುವಾರ ನಸುಕಿನಲ್ಲಿ ಮಂಗಳೂರು ಬಿಡಿ, ಮಲ್ಪೆಗೆ ಜನ ಮುತ್ತುವ ಮೊದಲೇ ದ್ವೀಪದ ದೋಣಿ ಹತ್ತಬಹುದು. ಸೋಮವಾರ ಗೋಕರ್ಣದ ದೇವಸ್ಥಾನದಲ್ಲಿ ನೂಕುನುಗ್ಗಲು, ನೀವು ತಲುಪುವುದು ಮಂಗಳವಾರ. ಗುರುವಾರ ಕಾರವಾರದಿಂದ ಆರು ಗಂಟೆಗೆ ಹೊರಟರೆ ಮಧ್ಯಾಹ್ನದ ಊಟ ಕುಂದಾಪುರದಲ್ಲಿ, ಚಹಾ ಮನೆಯಲ್ಲಿ.