ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನಲ್ಲಿ 17ನೇ ಸ್ಥಾನ ಬಂದ ಟಾಟನ್‌ಹ್ಯಾಮ್ ಚಾಂಪಿಯನ್ಸ್ ಲೀಗ್‌ಗೆ ಹೋಗಿದ್ದು ಹೇಗೆ? ಯುರೋಪ್ ಕ್ವಾಲಿಫಿಕೇಶನ್ ಲೆಕ್ಕ ಏನು?

ನೀವು ಹೇಳ್ತಿರೋದು 2024-25ರ ಸೀಸನ್. ಇನ್ನೊಂದೇ ಸ್ಥಾನ ಕೆಳಗಿಳಿದಿದ್ರೆ ಟಾಟನ್‌ಹ್ಯಾಮ್ ರೆಲಿಗೇಟ್ ಆಗ್ತಿತ್ತು, ಅಂದ್ರೆ ಕೆಳಗಿನ ಡಿವಿಷನ್‌ಗೆ ಬೀಳ್ತಿತ್ತು, ನಿಜ. ಆದ್ರೆ ಯುರೋಪಾ ಲೀಗ್ (ಯುರೋಪ್ ಕ್ಲಬ್‌ಗಳ ಎರಡನೇ ದರ್ಜೆ ಟೂರ್ನಿ; ಮೊದಲನೇದು ಚಾಂಪಿಯನ್ಸ್ ಲೀಗ್, ಮೂರನೇದು ಕಾನ್ಫರೆನ್ಸ್ ಲೀಗ್) ಗೆದ್ದವರಿಗೆ ಮುಂದಿನ ವರ್ಷ ಚಾಂಪಿಯನ್ಸ್ ಲೀಗ್ ಸೀಟು ಗ್ಯಾರಂಟಿ, ಲೀಗ್‌ನಲ್ಲಿ ಎಷ್ಟನೇ ಸ್ಥಾನ ಅಂತ ಯಾರೂ ಕೇಳಲ್ಲ. ಸ್ಪೇನ್‌ನ ಬಿಲ್ಬಾವೊದಲ್ಲಿ ಆದ ಯುರೋಪಾ ಫೈನಲ್ ನಮ್ಮಲ್ಲಿ ರಾತ್ರಿ ಹನ್ನೆರಡೂವರೆಗೆ ಶುರು, ನಿದ್ದೆಗೆಟ್ಟು ನೋಡೋ ಅಂಥ ಆಟ ಏನಲ್ಲ, ಟಾಟನ್‌ಹ್ಯಾಮ್‌ನ ಬ್ರೆನನ್ ಜಾನ್ಸನ್‌ದು ಒಂದು ಗೋಲು, 1-0, ಮುಗೀತು. ಸೋತ ಮ್ಯಾಂಚೆಸ್ಟರ್ ಯುನೈಟೆಡ್ ಲೀಗ್‌ನಲ್ಲಿ 15ನೇ ಸ್ಥಾನ, ಅಂದ್ರೆ ಟಾಟನ್‌ಹ್ಯಾಮ್‌ಗಿಂತ ಮೇಲೆ, ಆದ್ರೂ ಅವರಿಗೆ ಯುರೋಪ್‌ನಲ್ಲಿ ಏನೂ ಸಿಗ್ಲಿಲ್ಲ.

ಇಂಗ್ಲೆಂಡ್‌ನ ಮಾಮೂಲಿ ಲೆಕ್ಕ ಹೇಳೋದಾದ್ರೆ ಮೊದಲ 4 ಟೀಮು ಚಾಂಪಿಯನ್ಸ್ ಲೀಗ್‌ಗೆ, 5ನೇದು ಮತ್ತೆ ಎಫ್‌ಎ ಕಪ್ ಗೆದ್ದವರು ಯುರೋಪಾಗೆ, ಲೀಗ್ ಕಪ್ ಗೆದ್ದವರು ಕಾನ್ಫರೆನ್ಸ್ ಲೀಗ್ ಪ್ಲೇಆಫ್‌ಗೆ (ಕೊನೇ ಅರ್ಹತಾ ಸುತ್ತು). ಈ ಎರಡು ಕಪ್ಪೂ ಇಂಗ್ಲೆಂಡ್ ಒಳಗಿನ ನಾಕೌಟ್ ಟೂರ್ನಿಗಳು. ಅದರ ಮೇಲೆ 2024ರಿಂದ ಒಂದು ಹೊಸ ವಿಷಯ ಸೇರ್ಕೊಂಡಿದೆ, ಆ ಸೀಸನ್‌ನಲ್ಲಿ ಯುರೋಪ್‌ನಲ್ಲಿ ಯಾವ ಎರಡು ದೇಶದ ಕ್ಲಬ್‌ಗಳು ಒಟ್ಟಾರೆ ಚೆನ್ನಾಗಿ ಆಡಿರ್ತಾವೋ ಆ ದೇಶಗಳಿಗೆ ಒಂದೊಂದು ಎಕ್ಸ್‌ಟ್ರಾ ಚಾಂಪಿಯನ್ಸ್ ಲೀಗ್ ಸೀಟು. ಗೆದ್ರೆ 2 ಪಾಯಿಂಟು, ಡ್ರಾ ಆದ್ರೆ 1, ಮೇಲೆ ಬೋನಸ್ಸು, ಎಲ್ಲಾ ಕೂಡಿಸಿ ಆ ದೇಶದಿಂದ ಆಡ್ತಿರೋ ಕ್ಲಬ್‌ಗಳ ಸಂಖ್ಯೆಯಿಂದ ಭಾಗಿಸ್ತಾರೆ. ಆ ವರ್ಷ ಅದು ಇಂಗ್ಲೆಂಡ್ ಮತ್ತೆ ಸ್ಪೇನ್‌ಗೆ ಬಂತು, ಹಂಗಾಗಿ 5ನೇ ಸ್ಥಾನದ ನ್ಯೂಕ್ಯಾಸಲ್ ಕೂಡ ಚಾಂಪಿಯನ್ಸ್ ಲೀಗ್‌ಗೆ ಹೋಯ್ತು. ಪಾಪ ಆಸ್ಟನ್ ವಿಲ್ಲಾ, ಅವರದ್ದೂ ನ್ಯೂಕ್ಯಾಸಲ್ ಅಷ್ಟೇ 66 ಪಾಯಿಂಟು, ಗೋಲ್ ಡಿಫರೆನ್ಸ್‌ನಲ್ಲಿ 6ನೇ ಸ್ಥಾನಕ್ಕೆ ಬಿದ್ದು ಯುರೋಪಾಗೆ ಹೋದ್ರು. ಲೀಗ್ ಕಪ್ ಗೆದ್ದಿದ್ದೂ ನ್ಯೂಕ್ಯಾಸಲ್ಲೇ ಆಗಿದ್ರಿಂದ ಆ ಕಾನ್ಫರೆನ್ಸ್ ಸೀಟು ಜಾರಿ 7ನೇ ಸ್ಥಾನದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಂತು. ಹೀಗೆ ಚಾಂಪಿಯನ್ಸ್ ಲೀಗ್‌ನ 36 ಟೀಮ್‌ಗಳಲ್ಲಿ 6 ಇಂಗ್ಲೆಂಡ್‌ದೇ.

ಸಣ್ಣ ದೇಶದವರಿಗೆ ಇಷ್ಟೆಲ್ಲ ಸುಖ ಇಲ್ಲ. ಕಜಕಸ್ತಾನದ ಕೈರಾತ್ ತನ್ನ ಲೀಗ್ ಗೆದ್ದ ಮೇಲೂ 4 ಕ್ವಾಲಿಫೈಯಿಂಗ್ ರೌಂಡ್ ಆಡಿ, ಕೊನೇಲಿ ಸ್ಕಾಟ್ಲೆಂಡ್‌ನ ಸೆಲ್ಟಿಕ್ ಕ್ಲಬ್ಬನ್ನ ಪೆನಾಲ್ಟಿಯಲ್ಲಿ ಸೋಲಿಸಿ ಒಳಗೆ ಬರ್ಬೇಕಾಯ್ತು.

ಇನ್ನು ಕ್ರಿಸ್ಟಲ್ ಪ್ಯಾಲೇಸ್ ಕಥೆ, ನನ್ ಪ್ರಕಾರ ಅನ್ಯಾಯ ಅಂದ್ರೆ ಇದೇ. ಮ್ಯಾಂಚೆಸ್ಟರ್ ಸಿಟಿನ 1-0 ಸೋಲಿಸಿ ಎಫ್‌ಎ ಕಪ್ ಗೆದ್ರು, ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ದೊಡ್ಡ ಟ್ರೋಫಿ, ಯುರೋಪಾ ಸೀಟು ಕೈಗೆ ಬಂದಾಗಿತ್ತು. ಆದ್ರೆ ಜಾನ್ ಟೆಕ್ಸ್ಟರ್ ಅನ್ನೋ ಅಮೆರಿಕನ್ ಉದ್ಯಮಿಗೆ ಪ್ಯಾಲೇಸ್‌ನಲ್ಲೂ ಪಾಲು, ಫ್ರಾನ್ಸ್‌ನ ಲಿಯೋನ್‌ನಲ್ಲೂ ಪಾಲು, ಲಿಯೋನ್ ಕೂಡ ಅದೇ ಯುರೋಪಾಗೆ ಬಂದಿತ್ತು. ಒಬ್ಬರದೇ ಹಿಡಿತ ಇರೋ ಎರಡು ಕ್ಲಬ್ಬು ಒಂದೇ ಟೂರ್ನಿ ಆಡಂಗಿಲ್ಲ ಅನ್ನೋದು ಯುರೋಪ್ ಫುಟ್‌ಬಾಲ್ ನಡೆಸೋ ಸಂಸ್ಥೆ ಯುಇಎಫ್‌ಎ ರೂಲು, ಅಂಥಾ ಕೇಸಲ್ಲಿ ತಮ್ಮ ಲೀಗ್‌ನಲ್ಲಿ ಮೇಲಿರೋರಿಗೆ ಸೀಟು, ಲಿಯೋನ್ 6, ಪ್ಯಾಲೇಸ್ 12. ಟೆಕ್ಸ್ಟರ್ ಆಮೇಲೆ ಪ್ಯಾಲೇಸ್ ಪಾಲು ಮಾರಿದ್ರು, ಅಷ್ಟೊತ್ತಿಗೆ ಇಂಥ ಪಾಲು ಸರಿಪಡಿಸ್ಕೊಳ್ಳೋಕೆ ಇದ್ದ ಮಾರ್ಚ್ 1ರ ಗಡುವು ಯಾವಾಗಲೋ ಮುಗಿದಿತ್ತು. ಕಪ್ ಫೈನಲ್ ಇದ್ದಿದ್ದೇ ಮೇನಲ್ಲಿ, ಗೆಲ್ತೀವಿ ಅಂತ ಮಾರ್ಚ್‌ನಲ್ಲಿ ಯಾರಿಗ್ರೀ ಗೊತ್ತಿರುತ್ತೆ? ಕ್ರೀಡಾ ನ್ಯಾಯಮಂಡಳಿಗೆ ಹೋದ್ರು, ಅಲ್ಲೂ ಸೋತ್ರು. ಕಪ್ ಗೆದ್ದ ಪ್ಯಾಲೇಸ್ ಕಾನ್ಫರೆನ್ಸ್ ಲೀಗ್‌ಗೆ, ಅವರ ಯುರೋಪಾ ಸೀಟು ಫಾರೆಸ್ಟ್‌ಗೆ.