ಮೊನ್ನೆ ಯಾವ ಸಿನಿಮಾ ನೋಡಿದ್ರಿ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಒಂದೇ ಮಾತು: ನೀವು ಇತ್ತೀಚೆಗೆ ಏನು ನೋಡಿದಿರಿ, ಹೇಗಿತ್ತು? ಹೊಸದಾಗಿ ಓದುವವರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಅರಸೀಕೆರೆ ಕಡೆಯ ಒಂದು ಟಾಕೀಸಿನಲ್ಲಿ 26 ವರ್ಷ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದವನು ನಾನು. ಪ್ರೊಜೆಕ್ಟರ್ ರೂಮಿನ ಅಂಗೈ ಅಗಲದ ಕಿಂಡಿಯಿಂದ ನನಗೆ ಪರದೆ ಎಷ್ಟು ಕಾಣುತ್ತಿತ್ತೋ ಅಷ್ಟೇ ಜನರ ತಲೆಗಳೂ ಕಾಣುತ್ತಿದ್ದವು. ಸಿನಿಮಾ ಹಿಡಿಸಿದರೆ ತಲೆಗಳು ಅಲ್ಲಾಡುವುದಿಲ್ಲ. ಬೇಜಾರಾದರೆ ಒಬ್ಬರು ಪಕ್ಕಕ್ಕೆ ತಿರುಗುತ್ತಾರೆ, ಇನ್ನೊಬ್ಬರು ಬೀಡಿಗೆ ಏಳುತ್ತಾರೆ. ಈಗಲೂ ನಾನು ಸಿನಿಮಾ ಅಳೆಯೋದು ಹಾಗೇ. ಹಿಂದಿನ ಸಾಲಿನಲ್ಲೇ ಕೂರುತ್ತೇನೆ.

ಸಾರ್, ‘ಸು ಫ್ರಮ್ ಸೋ’ ನೋಡಿ ನಮ್ಮ ರೂಮಿನ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನಗು ನಿಂತ ಮೇಲಿನ ಭಾಗವೇ ಇಷ್ಟವಾಯಿತು. ನಾನು ಸಿನಿಮಾ ತಪ್ಪಾಗಿ ನೋಡಿದೆನಾ?
— ವಿದ್ಯಾರ್ಥಿ, ಹಾಸನ

ಇಲ್ಲ ತಮ್ಮಾ, ಸರಿಯಾಗೇ ನೋಡಿದ್ದೀಯ. 2025ರ ಜುಲೈ 25ಕ್ಕೆ ಬಂತಲ್ಲ, ಮೊದಲ ವಾರ ನಾನು ಹೋದಾಗ ಟಿಕೆಟ್ ಸಿಗಲಿಲ್ಲ. ಎರಡನೇ ವಾರ ಹೆಂಡತಿಯ ಜತೆ ಹೋದೆ. ಆಮೇಲೆ ಒಬ್ಬನೇ ಇನ್ನೊಂದು ಸಲ ಹೋದೆ, ಜನರನ್ನು ನೋಡೋದಕ್ಕೇ ಅಂತ.

ಕಥೆ ನಿನಗೆ ಗೊತ್ತು, ನೋಡದವರಿಗಾಗಿ ಹೇಳುತ್ತೇನೆ. ಕರಾವಳಿಯ ಒಂದು ಹಳ್ಳಿಯ ಹುಡುಗ ಅಶೋಕ. ತನ್ನ ಒಂದು ತಪ್ಪು ಮುಚ್ಚಿಕೊಳ್ಳೋಕೆ ಮೈಮೇಲೆ ದೆವ್ವ ಬಂದ ಹಾಗೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ಊರೇ ನಂಬಿಬಿಡುತ್ತದೆ. ಆಮೇಲೆ ಬೇಡ ಅಂದರೂ ಬಿಡಿಸಿಕೊಳ್ಳೋಕೆ ಆಗಲ್ಲ. ಅಶೋಕನ ಪಾತ್ರ ಮಾಡಿದ ಜೆ.ಪಿ. ತುಮಿನಾಡು ಅವರೇ ನಿರ್ದೇಶಕರು. ಅವರು ತುಳು ನಾಟಕದಿಂದ ಬಂದವರು. ಅದು ಸಿನಿಮಾದಲ್ಲಿ ಗೊತ್ತಾಗುತ್ತದೆ. ಗುಂಪಿನಲ್ಲಿ ಹತ್ತು ಜನ ನಿಂತಿದ್ದರೆ ಹತ್ತೂ ಜನ ಏನಾದರೊಂದು ಮಾಡುತ್ತಿರುತ್ತಾರೆ. ಸುಮ್ನೆ ನಿಂತವರು ಯಾರೂ ಇಲ್ಲ. ಹಳ್ಳಿಯಲ್ಲಿ ಜಗಳ ನೋಡೋಕೆ ಸೇರಿದ ಜನ ಹೀಗೇ ಇರುತ್ತಾರೆ ಅಲ್ವಾ? ಒಬ್ಬ ಬುದ್ಧಿ ಹೇಳುತ್ತಾನೆ, ಒಬ್ಬ ಹಿಂದಿನಿಂದ ಇಣುಕುತ್ತಾನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸುಲೋಚನಳ ಮಗಳು ಭಾನು ಕಥೆಯೊಳಗೆ ಬಂದಳಲ್ಲ, ಆಗ ಹಾಲ್ ತಣ್ಣಗಾಯಿತು. ನನ್ನ ಮುಂದೆ ನಾಲ್ಕು ಹುಡುಗರು ಪಾಪ್‌ಕಾರ್ನ್ ಡಬ್ಬಿ ಇಟ್ಟುಕೊಂಡು ಗಲಾಟೆ ಮಾಡುತ್ತಿದ್ದರು. ಒಬ್ಬನ ಕೈ ಡಬ್ಬಿಯೊಳಗೇ ನಿಂತುಹೋಯಿತು. ಎರಡನೇ ಸಲ ಹೋದಾಗಲೂ ಅದೇ ಜಾಗದಲ್ಲಿ ಹಾಲ್ ತಣ್ಣಗಾಯಿತು. ಅಷ್ಟು ಹೊತ್ತು ದೆವ್ವದ ಹೆಸರಲ್ಲಿ ನಕ್ಕ ಜನ, ಆ ಹೆಸರಿನ ಹಿಂದೆ ಒಬ್ಬ ಹೆಂಗಸಿನ ಕಷ್ಟ ಇತ್ತು ಅಂತ ತಿಳಿದು ಬಾಯಿ ಮುಚ್ಚಿಕೊಂಡರು. ನಗಿಸೋದು ಕಷ್ಟ. ನಗುತ್ತಿರುವವರನ್ನು ಸುಮ್ಮನಾಗಿಸೋದು ಇನ್ನೂ ಕಷ್ಟ. ಊರಿನವರೆಲ್ಲ ಮಾತು ಕೇಳುವ ರವಿಯಣ್ಣನ ಪಾತ್ರ ಮಾಡಿದ ಶನೀಲ್ ಗೌತಮ್ ಅವರಿಗೆ ನನ್ನ ಕೈ ಮುಗಿಯುತ್ತದೆ.

ನನ್ನ ಹೆಂಡತಿಗೆ ಕರಾವಳಿ ಕಡೆಯ ಮಾತು ಅಲ್ಲಲ್ಲಿ ತಿಳಿಯಲಿಲ್ಲ. ‘ಏನಂದ, ಏನಂದ’ ಅಂತ ನನ್ನನ್ನು ತಿವಿಯುತ್ತಿದ್ದಳು. ಆದರೂ ಅವಳೇ ಜಾಸ್ತಿ ನಕ್ಕಿದ್ದು.

ಅಣ್ಣಾ, ‘ಶಿವಮ್ಮ ಯರೇಹಂಚಿನಾಳ’ ನೋಡಿ ಅಂತ ನಮ್ಮ ಅಕ್ಕ ಹೇಳುತ್ತಾಳೆ. ಪ್ರಶಸ್ತಿ ಬಂದ ಸಿನಿಮಾ ನಿಧಾನ ಇರುತ್ತೆ ಅಂತ ಮನೆಯವರು ಬೇಡ ಅಂತಾರೆ. ನೋಡಬಹುದಾ?
— ಗೃಹಿಣಿ, ದಾವಣಗೆರೆ

ನೋಡು ತಂಗಿ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡು.

ಇದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಅನ್ನೋ ಊರಿನ ಕಥೆ. ಅಲ್ಲೇ ತೆಗೆದಿದ್ದಾರೆ, ಅಲ್ಲಿನ ಜನರನ್ನೇ ಹಾಕಿಕೊಂಡಿದ್ದಾರೆ. ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ಹಾಸಿಗೆ ಹಿಡಿದಿದ್ದಾನೆ. ಇದ್ದ ದುಡ್ಡನ್ನೆಲ್ಲ ಒಂದು ಶಕ್ತಿ ಪುಡಿ ಮಾರುವ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಹಾಕುತ್ತಾಳೆ. ಮನೆ ಮನೆಗೆ ಹೋಗಿ ಕುಡೀರಿ, ಮೈಯಾಗ ಶಕ್ತಿ ಬರ್ತೈತಿ ಅನ್ನೋ ಹಾಗೆ ಮಾತಾಡುತ್ತಾಳೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಇದಕ್ಕೆ ಹೊಸ ನಿರ್ದೇಶಕರಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ನಮ್ಮ ಥಿಯೇಟರುಗಳಿಗೆ ಬಂದಿದ್ದು 2024ರ ಜೂನ್‌ನಲ್ಲಿ. ನಿರ್ದೇಶಕರು ಜೈಶಂಕರ್ ಆರ್ಯರ್.

ನಿಧಾನ ಅಂತ ನನಗನ್ನಿಸಲಿಲ್ಲ. ಯಾಕೆ ಅಂದರೆ ಈ ಶಿವಮ್ಮನನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ನಾದಿನಿ 18 ಸಾವಿರ ಕಟ್ಟಿ ಇಂಥದ್ದೇ ಒಂದಕ್ಕೆ ಸೇರಿದಳು. ಕೆಳಗೆ ಆರು ಜನರನ್ನು ಸೇರಿಸಿದರೆ ಕಾರು ಬರುತ್ತದೆ ಅಂದಿದ್ದರು. ಮೊದಲು ನೆಂಟರಿಗೆ ಮಾರಿದಳು. ಆಮೇಲೆ ನೆಂಟರು ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳೋಕೆ ಶುರು ಮಾಡಿದರು. ಒಂದು ಮದುವೆಮನೆಯಲ್ಲಿ ಅವಳು ಊಟಕ್ಕೆ ಕೂತ ಸಾಲಿನಿಂದ ಇಬ್ಬರು ಎದ್ದು ಬೇರೆ ಸಾಲಿಗೆ ಹೋದರು. ಅವತ್ತು ಅವಳು ಎಲೆಯ ಮೇಲಿನ ಹೋಳಿಗೆ ಮುಟ್ಟಲಿಲ್ಲ. ಎರಡು ಡಬ್ಬಿ ಇನ್ನೂ ನಮ್ಮ ಅಟ್ಟದ ಮೇಲಿವೆ. ಎಸೆಯೋಕೆ ಮನಸ್ಸು ಬಂದಿಲ್ಲ.

ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಇದೇ. ಶಿವಮ್ಮನನ್ನು ದಡ್ಡಿ ಅಂತ ಎಲ್ಲೂ ತೋರಿಸಿಲ್ಲ. ಅವಳಿಗೆ ಹಠ ಇದೆ, ಸುಳ್ಳೂ ಬರುತ್ತದೆ, ನಾಚಿಕೆಯೂ ಇದೆ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ಅವರು ನಡೆಯುವ ರೀತಿ ನೋಡು ತಂಗಿ. ಚೀಲ ಹಿಡಿದು ಬಿರಬಿರನೆ ಹೋಗುತ್ತಾರೆ, ಯಾರಾದರೂ ಬೇಡ ಅಂದರೆ ಅಲ್ಲೇ ಒಂದು ಗಳಿಗೆ ನಿಲ್ಲುತ್ತಾರೆ. ನಟನೆ ಕಲಿತವರಿಗೆ ಅದು ಅಷ್ಟು ಸುಲಭಕ್ಕೆ ಬರುವಂಥದ್ದಲ್ಲ. ನನ್ನ ನಾದಿನಿಗೂ ತೋರಿಸಿದೆ. ಮುಗಿದ ಮೇಲೆ ಏನೂ ಹೇಳಲಿಲ್ಲ. ರಾತ್ರಿ ಫೋನ್ ಮಾಡಿ ‘ಆ ಹೆಂಗಸಿನ ಹೆಸರೇನು ಅಂದ್ರಿ?’ ಅಂತ ಕೇಳಿದಳು.

ಒಂದೆರಡು ತಿಂಗಳಲ್ಲಿ ಎಲ್ಲಾ ಸಿನಿಮಾ ಮೊಬೈಲಿಗೇ ಬರುತ್ತೆ. ನಾಲ್ಕು ಜನರ ಮನೆಗೆ ಥಿಯೇಟರ್ ಈಗ ದುಬಾರಿ. ಆದರೂ ಥಿಯೇಟರಿಗೆ ಹೋಗಿ ಅಂತ ಯಾಕೆ ಬರೀತೀರಿ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ದುಬಾರಿ ಅನ್ನೋದು ನಿಜ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು ಒಂದು ಟಿಕೆಟ್ಟಿಗೆ 200 ರೂಪಾಯಿಗಿಂತ ಜಾಸ್ತಿ ತಗೋಬಾರದು ಅಂತ ಆದೇಶ ಮಾಡಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 200 ಅಂದರೂ ನಾಲ್ಕು ಜನಕ್ಕೆ 800, ಮೇಲೆ ತಿಂಡಿ, ಆಟೋ. ಹಾಗಾಗಿ ಪ್ರತಿ ವಾರ ಹೋಗಿ ಅಂತ ನಾನು ಹೇಳೋದಿಲ್ಲ. ವರ್ಷಕ್ಕೆ ಮೂರು ಸಲವಾದರೂ ಹೋಗಿ. ಆ ಮೂರನ್ನು ಆರಿಸಿಕೊಂಡು ಹೋಗಿ.

ಯಾಕೆ ಅಂತ ಕೇಳಿದಿರಿ. ಮೊಬೈಲಿನಲ್ಲಿ ನಿಮಗೆ ಬೇಜಾರಾದ ಕ್ಷಣ ಬೆರಳು ಪರದೆಗೆ ಹೋಗುತ್ತದೆ. ಹಾಲ್‌ನಲ್ಲಿ ಆ ಬೆರಳಿಗೆ ಕೆಲಸ ಇಲ್ಲ. ಸಿನಿಮಾ ತನ್ನ ಪಾಡಿಗೆ ಹೋಗುತ್ತಿರುತ್ತದೆ, ನೀವು ಅದರ ಹಿಂದೆ ಹೋಗಬೇಕು. ನನ್ನ ಕಾಲದಲ್ಲಿ ಫಿಲಂ ಸುತ್ತಿದ ಒಂದು ಸ್ಪೂಲ್ ಅಂದರೆ 2000 ಅಡಿ, ಸುಮಾರು 20 ನಿಮಿಷ. ಅದು ಮುಗಿಯೋ ಮುಂಚೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತಿತ್ತು. ಕಂಡ ಕೂಡಲೇ ಎರಡನೇ ಪ್ರೊಜೆಕ್ಟರಿನ ಮೋಟಾರ್ ಹಾಕಬೇಕು. ಇನ್ನೊಂದು ಚುಕ್ಕೆ ಬಂದಾಗ ಮೊದಲನೆಯದರಿಂದ ಎರಡನೆಯದಕ್ಕೆ ಬದಲಾಯಿಸಬೇಕು. ಕಣ್ಣು ರೆಪ್ಪೆ ಬಡಿದರೆ ತಪ್ಪಿತು. ಅಷ್ಟು ಎಚ್ಚರದಿಂದ ತೋರಿಸಿದ್ದನ್ನು ಜನ ಅಷ್ಟೇ ಎಚ್ಚರದಿಂದ ನೋಡುತ್ತಿದ್ದರು.

ಥಿಯೇಟರಿನವರಿಗೂ ಒಂದು ಮಾತು ಹೇಳಬೇಕು. ಹೋದ ತಿಂಗಳು ಒಂದು ಮಲ್ಟಿಪ್ಲೆಕ್ಸಿನಲ್ಲಿ ರಾತ್ರಿ ದೃಶ್ಯಗಳಲ್ಲಿ ಮುಖಗಳೇ ಕಾಣಲಿಲ್ಲ. ನನಗೆ ತಕ್ಷಣ ಗೊತ್ತಾಯಿತು, ಲ್ಯಾಂಪ್ ಸವೆದಿದೆ. ಕ್ಸೆನಾನ್ ಲ್ಯಾಂಪಿಗೆ ಇಷ್ಟು ಗಂಟೆ ಅಂತ ಆಯಸ್ಸಿರುತ್ತದೆ. ಅದು ಮುಗಿದ ಮೇಲೂ ಎಳೆದರೆ ಪರದೆ ಮಂಕಾಗುತ್ತದೆ. ಹೊರಗೆ ಹೋಗಿ ಹುಡುಗನಿಗೆ ಹೇಳಿದೆ. ಸಿನಿಮಾನೇ ಹಾಗೆ ಸಾರ್ ಅಂದ. ಕ್ಯಾಮೆರಾಮನ್ ಎಷ್ಟು ರಾತ್ರಿ ನಿದ್ದೆಗೆಟ್ಟು ಬೆಳಕು ಜೋಡಿಸಿರುತ್ತಾರೆ! ಅದನ್ನು ಹೀಗೆ ತೋರಿಸೋದು ನನಗೆ ಸಂಕಟ. ನಿಮಗೂ ಪರದೆ ಮಂಕು ಅನ್ನಿಸಿದರೆ ಎದ್ದು ಹೋಗಿ ಹೇಳಿ. ದುಡ್ಡು ಕೊಟ್ಟಿದ್ದೀರಿ.

‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ ಇಷ್ಟವಾಯಿತೋ ಸೈಡ್ ಬಿ ಇಷ್ಟವಾಯಿತೋ? ನನಗೂ ನನ್ನವರಿಗೂ ಇದೇ ಜಗಳ.
— ಶಿಕ್ಷಕಿ, ತಿಪಟೂರು

ಎರಡು ಭಾಗವಾಗಿ ಬಂದ ಆ ಪ್ರೇಮಕಥೆಯಲ್ಲಿ ನನಗೆ ಮೊದಲ ಭಾಗ, ಸೈಡ್ ಎ. ನಾಯಕ ಮನು ಜೈಲಿನೊಳಗೆ ತನ್ನ ಹುಡುಗಿ ಪ್ರಿಯಾಳ ದನಿ ಕೇಳಿಸಿಕೊಳ್ಳೋದು ಒಂದು ಕ್ಯಾಸೆಟ್ಟಿನಲ್ಲಿ. ಮುಖ ಇಲ್ಲ, ಬರೀ ದನಿ. ನಾನು 26 ವರ್ಷ ಪ್ರೊಜೆಕ್ಟರ್ ಸದ್ದಿನ ನಡುವೆ ಸಿನಿಮಾಗಳ ಮಾತು ಅರ್ಧಂಬರ್ಧ ಕೇಳಿದವನು. ಅಷ್ಟು ಮೆಲ್ಲಗಿನ ದನಿಯನ್ನು ಹಾಲ್‌ನಲ್ಲಿ ಕೂತು ಪೂರ್ತಿ ಕೇಳಿದ್ದು ನನಗೆ ಹಬ್ಬ. ಸೈಡ್ ಬಿ ಚೆನ್ನಾಗಿದೆ, ಆದರೆ ಅಲ್ಲಿ ಮನುವಿನ ಹೊಡೆದಾಟ ಬಂದಾಗಲೆಲ್ಲ ನನ್ನ ಮನಸ್ಸು ಹಿಂದಕ್ಕೇ ಹೋಗುತ್ತಿತ್ತು. ನಿಮ್ಮವರು ಸೈಡ್ ಬಿ ಕಡೆ ಅಂತ ಕಾಣುತ್ತದೆ.

ಮಕ್ಕಳ ಜತೆ ಕೂತು ನೋಡುವಂಥ ಕನ್ನಡ ಸಿನಿಮಾ ಒಂದು ಹೇಳಿ. ಮಗನಿಗೆ 12 ವರ್ಷ, ಕ್ರಿಕೆಟ್ ಹುಚ್ಚು.
— ಓದುಗರು, ಸಾಗರ

ಹಾಗಾದರೆ ‘ಡೇರ್‌ಡೆವಿಲ್ ಮುಸ್ತಫಾ’. ಪೂರ್ಣಚಂದ್ರ ತೇಜಸ್ವಿಯವರ ಕಥೆ, 2023ರಲ್ಲಿ ಶಶಾಂಕ್ ಸೋಗಾಲ್ ಸಿನಿಮಾ ಮಾಡಿದರು. ತೇಜಸ್ವಿಯವರ ಓದುಗರೇ ದುಡ್ಡು ಹಾಕಿ ನಿಂತರು ಅನ್ನೋದು ನನಗೆ ದೊಡ್ಡ ವಿಷಯ. ಅಬಚೂರಿನ ಕಾಲೇಜಿಗೆ ಮುಸ್ತಫಾ ಅನ್ನೋ ಹುಡುಗ ಸೇರುತ್ತಾನೆ. ಉಳಿದವರಿಗೆ ಮೊದಲು ಅವನನ್ನು ಕಂಡರೆ ಆಗಲ್ಲ. ಆಮೇಲೆ ಒಂದು ಕ್ರಿಕೆಟ್ ಮ್ಯಾಚ್ ಇದೆ, ಅದನ್ನು ನಿಮ್ಮ ಮಗ ಎರಡು ಸಲ ಹಾಕಿಸಿಕೊಂಡು ನೋಡುತ್ತಾನೆ. ನೋಡಿದ ಮೇಲೆ ಕಥೆಯನ್ನೂ ಓದಿ ಹೇಳಿ.

ಇನ್ನೂ ಸ್ವಲ್ಪ ದೊಡ್ಡವನಾದ ಮೇಲೆ ‘ಮಿಥ್ಯ’ ತೋರಿಸಿ. ಅಪ್ಪ ಅಮ್ಮನನ್ನು ಕಳೆದುಕೊಂಡು ಮುಂಬೈಯಿಂದ ಉಡುಪಿಗೆ ಬಂದ ಹುಡುಗನ ಸಿನಿಮಾ ಅದು. ಚೆನ್ನಾಗಿದೆ, ಆದರೆ ಮಕ್ಕಳಿಗಿಂತ ದೊಡ್ಡವರು ನೋಡಬೇಕಾದದ್ದು.

ಬರೀ ಹೊಸ ಸಿನಿಮಾ ಬಗ್ಗೆ ಬರೀತೀರಿ. ಹಳೇದು ಯಾವುದೂ ನೋಡಲ್ವಾ?
— ನಿವೃತ್ತ ಪೋಸ್ಟ್‌ಮನ್, ಕಡೂರು

ನೋಡದೆ ಇರ್ತೀನಾ ಸಾರ್. ಹೋದ ಭಾನುವಾರ ‘ಬೂತಯ್ಯನ ಮಗ ಅಯ್ಯು’ ಹಾಕಿದೆ. 1974ರದ್ದು, ಸಿದ್ದಲಿಂಗಯ್ಯನವರದ್ದು. ನಿಮ್ಮ ಊರಿಗೆ ಹತ್ತಿರದ ಕಳಸಾಪುರದಲ್ಲೇ ತೆಗೆದಿದ್ದು ಅಲ್ವಾ? ಮರುಬಿಡುಗಡೆ ಆದಾಗಲೆಲ್ಲ ನಾನೇ ಓಡಿಸಿದ್ದೇನೆ. ನಮಗೆ ಬರುತ್ತಿದ್ದ ಪ್ರಿಂಟು ಅಷ್ಟು ಹೊತ್ತಿಗೆ ಮಳೆ ಸುರಿದ ಹಾಗೆ ಗೀಚುಬಿದ್ದಿರುತ್ತಿತ್ತು. ಪ್ರವಾಹದ ದೃಶ್ಯಕ್ಕೆ ಆ ಗೀಚೂ ಸೇರಿ ನಿಜವಾದ ಮಳೆಯ ಹಾಗೇ ಕಾಣುತ್ತಿತ್ತು. ಈಗ ಮನೆಯ ಟಿವಿಯಲ್ಲಿ ಚೊಕ್ಕವಾಗಿ ಬರುತ್ತದೆ. ವಿಷ್ಣುವರ್ಧನ್ ಕಣ್ಣಿನ ಸಿಟ್ಟು, ಲೋಕೇಶ್ ಅವರ ಮೆತ್ತಗಿನ ನೋಟ, ಎಲ್ಲಾ ಹೊಸದಾಗಿ ಕಂಡಿತು.

ಜತೆಗೆ ಮೊಮ್ಮಗ ಇದ್ದ, ಒಂಬತ್ತು ವರ್ಷ. ಹಳೇ ಸಿನಿಮಾ ಅಂತ ಮೊದಲು ಮುಖ ತಿರುಗಿಸಿದ. ನಾನು ನನ್ನ ಅಭ್ಯಾಸದಂತೆ ಅವನ ಹಿಂದೆ ಕುರ್ಚಿ ಹಾಕಿಕೊಂಡು ಅವನ ತಲೆ ನೋಡುತ್ತಾ ಕೂತೆ. ಹತ್ತು ನಿಮಿಷಕ್ಕೆ ತಲೆ ನಿಂತಿತು. ಲೋಕನಾಥ್ ಉಪ್ಪಿನಕಾಯಿ ತಿನ್ನೋದು ಬಂತು ನೋಡಿ, ಹುಡುಗ ಎದ್ದು ಅಡುಗೆಮನೆಗೆ ಓಡಿದ. ಬೇಜಾರಾಯಿತೇನೋ ಅಂದುಕೊಂಡೆ. ಮಾವಿನಮಿಡಿ ಜಾಡಿ ತಬ್ಬಿಕೊಂಡು ವಾಪಸ್ ಬಂದು, ‘ತಾತ, ಸ್ವಲ್ಪ ಹಿಂದಕ್ಕೆ ಹಾಕು’ ಅಂದ.